ಸುರಂಗದ ಬಾಯಿಗೆ ಮಳೆ ಬಳಿದ ಬಣ್ಣ

ಮಂಗಳೂರಿನಿಂದ ಹಗಲು ರೈಲಿನಲ್ಲಿ ಬೆಂಗಳೂರಿಗೆ ಹೊರಟ ಮಕ್ಕಳು ಸುಬ್ರಹ್ಮಣ್ಯ ರೋಡ್ ನಿಲ್ದಾಣ ದಾಟಿದೊಡನೆ ಮಾಡುವ ಮೊದಲ ಕೆಲಸ ಸುರಂಗ ಎಣಿಸುವುದು. ಹತ್ತು ಹದಿನೈದರವರೆಗೆ ಲೆಕ್ಕ ಸರಿಯಾಗಿರುತ್ತದೆ. ಅಷ್ಟರಲ್ಲಿ ಯಾರೋ ಚಕ್ಕುಲಿಯ ಡಬ್ಬ ತೆರೆಯುತ್ತಾರೆ, ಲೆಕ್ಕ ತಪ್ಪುತ್ತದೆ. ಸಕಲೇಶಪುರದವರೆಗಿನ ಸುಮಾರು 55 ಕಿ.ಮೀ. ಘಾಟಿಯಲ್ಲಿ ಒಟ್ಟು 57 ಸುರಂಗಗಳೂ 109 ಸೇತುವೆಗಳೂ ಇವೆ. 50 ಅಡಿ ಸಾಗಿದರೆ ಒಂದು ಅಡಿ ಮೇಲೇರುವ ದಾರಿ ಇದು.

ಊರಿಗೆ ಮರಳಿದ ಮೇಲೆ ಕತ್ತಲೆ ನೆನಪಿರುತ್ತದೆ, ಮಕ್ಕಳ ಕೂಗು ನೆನಪಿರುತ್ತದೆ. ಆದರೆ ಸುರಂಗದ ಬಾಯಿ ಹೇಗಿತ್ತು ಎಂದು ಕೇಳಿದರೆ ಉತ್ತರ ಹೇಳುವವರು ಕಡಿಮೆ. ಕಮಾನು ಕಲ್ಲಿನದೋ ಕಾಂಕ್ರೀಟಿನದೋ? ಗೋಡೆ ಬೂದುಬಣ್ಣದ್ದೋ ಹಸಿರೋ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾ ತಿಂಗಳುಗಟ್ಟಲೆ ಕೂರುವ ಒಂದು ಹವ್ಯಾಸಿ ವರ್ಗವಿದೆ. ಅವರೇ ಮಾದರಿ ರೈಲು ಕಟ್ಟುವವರು.

ಮಾದರಿ ರೈಲು ಎಂದರೆ ಚಾವಿ ಕೊಟ್ಟು ಬಿಡುವ ಆಟಿಕೆಯಲ್ಲ. ನಿಜವಾದ ಒಂದು ಮಾರ್ಗವನ್ನು ಅಳತೆಗೆ ಸರಿಯಾಗಿ ಕುಗ್ಗಿಸಿ, ಗುಡ್ಡ, ಹಳ್ಳ, ನಿಲ್ದಾಣಗಳ ಸಮೇತ ಮೇಜಿನ ಮೇಲೆ ನಿಲ್ಲಿಸುವ ಕಲೆ. ಪುಣೆಯಲ್ಲಿ 1998ರಲ್ಲಿ ತೆರೆದ ಜೋಶಿ ಅವರ ಕಿರು ರೈಲುಗಳ ಸಂಗ್ರಹಾಲಯವನ್ನು ನೋಡಿದವರಿಗೆ ಇದರ ಸೊಗಸು ಗೊತ್ತು. ಎಂಜಿನ್, ಬೋಗಿಗಳು ಅಂಗಡಿಯಲ್ಲಿ ಸಿಗುತ್ತವೆ. ಆದರೆ ನಮ್ಮ ಘಾಟಿಯ ಸುರಂಗದ ಬಾಯಿ ಯಾವ ಅಂಗಡಿಯಲ್ಲೂ ಸಿದ್ಧವಾಗಿ ಸಿಗದು. ಸಿಗುವ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಯುರೋಪ್, ಅಮೆರಿಕದ ಸುರಂಗಗಳ ಅಚ್ಚು. ಹಾಗಾಗಿ ಅದನ್ನು ಕೈಯಾರೆ, ಮೊದಲಿನಿಂದ ಕಟ್ಟಬೇಕು.

ಬಾಯಿ ಏಕೆ ಬೇಕು?

ಬೆಟ್ಟ ಕೊರೆದ ಮೇಲೆ ತೂತು ಸಾಲದೆ? ಬಾಯಿಗೆ ಕಟ್ಟಡವೇಕೆ? ಬೆಟ್ಟದ ಒಡಲಿನ ಬಂಡೆ ಗಟ್ಟಿಯಾಗಿರಬಹುದು. ಮೈಮೇಲಿನ ಕಲ್ಲು ಮಾತ್ರ ಗಾಳಿ, ಬಿಸಿಲು, ಮಳೆಗೆ ಸಡಿಲವಾಗಿ ಮಣ್ಣಿನೊಂದಿಗೆ ಬೆರೆತಿರುತ್ತದೆ. ಸುರಂಗದ ಅತಿ ದುರ್ಬಲ ಜಾಗ ಅದರ ಬಾಯಿಯೇ. ಆದ್ದರಿಂದ ಅಲ್ಲಿ ಕಮಾನು ಕಟ್ಟಿ, ಮೇಲೆ ಉರುಳುವ ಕಲ್ಲುಮಣ್ಣನ್ನು ತಡೆಯಲು ಗಿಡ್ಡ ಗೋಡೆ ಎಬ್ಬಿಸಿ, ಎರಡೂ ಪಕ್ಕ ರೆಕ್ಕೆಯಂತೆ ಚಾಚಿದ ತಡೆಗೋಡೆ ನಿಲ್ಲಿಸುತ್ತಾರೆ. ಗೋಡೆಯ ಹಿಂದೆ ನೀರು ನಿಂತರೆ ಅದರ ಒತ್ತಡವೇ ಗೋಡೆಯನ್ನು ದೂಡುತ್ತದೆ. ಆ ನೀರು ಹೊರಬರಲೆಂದು ಅಲ್ಲಲ್ಲಿ ತೂತು ಬಿಟ್ಟಿರುತ್ತಾರೆ.

ಕೆಲವೆಡೆ ಈ ಬಾಯಿ ಪ್ರತಿಷ್ಠೆಯ ವಿಷಯವೂ ಆಗಿತ್ತು. ಇಂಗ್ಲೆಂಡಿನಲ್ಲಿ 1841ರಲ್ಲಿ ತೆರೆದ ಬಾಕ್ಸ್ ಸುರಂಗದ ಪಶ್ಚಿಮದ ಬಾಯಿಯನ್ನು ಎಂಜಿನಿಯರ್ ಬ್ರುನೆಲ್ ಅರಮನೆಯ ಹೆಬ್ಬಾಗಿಲಿನಂತೆ ಕಟ್ಟಿಸಿದ. 1979ರಲ್ಲಿ ಪೂರ್ಣಗೊಂಡ ನಮ್ಮ ಹಾಸನ–ಮಂಗಳೂರು ಮಾರ್ಗದಲ್ಲಿ ಅಂಥ ಅಲಂಕಾರವಿಲ್ಲ. ಅಲ್ಲಿನ ಬಾಯಿಗಳು ಬಂದರಿಗೆ ದಾರಿ ಮಾಡಿಕೊಡಲು ಹುಟ್ಟಿದ, ಕೆಲಸಕ್ಕೆ ತಕ್ಕಷ್ಟೇ ಕಟ್ಟಿದ ಬಾಯಿಗಳು.

ಅಳತೆಯ ಲೆಕ್ಕ

ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಮಾದರಿ ಅಳತೆ 87ಕ್ಕೆ 1. ಐದು ಮೀಟರ್ ಅಗಲ, ಆರೂವರೆ ಮೀಟರ್ ಎತ್ತರದ ಬಾಯಿ ಎಂದಿಟ್ಟುಕೊಂಡರೆ ಮಾದರಿಯಲ್ಲಿ ಅದು ಸುಮಾರು 57 ಮಿ.ಮೀ. ಅಗಲ, 75 ಮಿ.ಮೀ. ಎತ್ತರ. ಅಂಗೈಯಲ್ಲಿ ಮುಚ್ಚಿಹೋಗುವಷ್ಟು.

ಇಲ್ಲೊಂದು ತೊಡಕಿದೆ. ಈ ಅಳತೆಗೆಂದು ಸಿಗುವ ಹಳಿಗಳ ನಡುವಿನ ಅಂತರ 16.5 ಮಿ.ಮೀ.; ಅದು ಯುರೋಪಿನ 1,435 ಮಿ.ಮೀ. ಹಳಿಗೆ ಸರಿಹೊಂದುತ್ತದೆ. ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ.; ಅದಕ್ಕೆ 19.3 ಮಿ.ಮೀ. ಬೇಕು. ಘಾಟಿಯಲ್ಲಿ ಮೊದಲು ಓಡಿದ ಮೀಟರ್‌ಗೇಜಿಗೆ 11.5 ಮಿ.ಮೀ. ಸಾಕು. ಯಾವ ಕಾಲದ ರೈಲು ಎಂಬುದನ್ನು ಮೊದಲೇ ತೀರ್ಮಾನಿಸದಿದ್ದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ತಿರುವಿನಲ್ಲಿರುವ ಸುರಂಗಕ್ಕೆ ಇನ್ನಷ್ಟು ಎಚ್ಚರ ಬೇಕು. ಉದ್ದದ ಬೋಗಿ ತಿರುಗುವಾಗ ಅದರ ಹೊಟ್ಟೆ ಒಳಮಗ್ಗುಲಿಗೂ ತುದಿಗಳು ಹೊರಮಗ್ಗುಲಿಗೂ ಚಾಚುತ್ತವೆ. ಮೇಜಿನ ಮೇಲಿನ ತಿರುವು ನಿಜದ ತಿರುವಿಗಿಂತ ಬಹಳ ಬಿಗಿ. ಆದ್ದರಿಂದ ಬಾಯಿಯನ್ನು ಅಂಟಿಸುವ ಮೊದಲು ಇರುವುದರಲ್ಲೇ ಉದ್ದದ ಬೋಗಿಯನ್ನು ಕೈಯಿಂದ ದೂಡಿ ನೋಡುವುದು ರೂಢಿ.

ರಟ್ಟು, ಥರ್ಮೊಕೋಲ್, ಸೂಜಿ

ಸಾಮಗ್ರಿ ದೊಡ್ಡದೇನಲ್ಲ. ಗಟ್ಟಿ ರಟ್ಟಿನಲ್ಲಿ ಬಾಯಿಯ ಆಕಾರ ಕತ್ತರಿಸಿ, ಅದರ ಮೇಲೆ ಒತ್ತಾಗಿರುವ ಥರ್ಮೊಕೋಲಿನ ತೆಳು ಹಾಳೆ ಅಂಟಿಸಿ, ಮೊಂಡು ಸೂಜಿಯಿಂದ ಕಲ್ಲುಗಳ ಸಂದು ಗೀರಬಹುದು. ಪ್ಲಾಸ್ಟರ್ ಆಫ್ ಪ್ಯಾರಿಸ್ ಎರೆದು, ಪೂರ್ತಿ ಒಣಗುವ ಮುನ್ನ ಗೀರುವವರೂ ಇದ್ದಾರೆ. ಮೊಸರುಕುಡಿಕೆ, ಶಾರದಾ ಮೆರವಣಿಗೆಗಳ ಸ್ತಬ್ಧಚಿತ್ರಕ್ಕೆ ಥರ್ಮೊಕೋಲ್ ಕೊರೆದು ಪಳಗಿದ ನಮ್ಮೂರ ಹುಡುಗರಿಗೆ ಇದು ಹೊಸ ವಿದ್ಯೆಯಲ್ಲ. ಥಿನ್ನರ್ ಬೆರೆಸಿದ ಬಣ್ಣ ಹಾಕಿದರೆ ಥರ್ಮೊಕೋಲ್ ಕರಗಿಹೋಗುತ್ತದೆಂಬುದೂ ಅವರಿಗೆ ಗೊತ್ತು. ನೀರಿನಲ್ಲಿ ಕಲಸುವ ಬಣ್ಣವೇ ಸರಿ.

ಕಮಾನಿನ ಕಲ್ಲುಗಳನ್ನು ಮಾತ್ರ ಬೇರೆಯಾಗಿ ಕತ್ತರಿಸಿ ಜೋಡಿಸಬೇಕು. ಎರಡೂ ಕಡೆಯಿಂದ ಏರಿಬಂದು ನೆತ್ತಿಯ ನಡುಗಲ್ಲಿನಲ್ಲಿ ಕೂಡುವ ಈ ಕಲ್ಲುಗಳೇ ಭಾರ ಹೊರುವವು. ಅವು ಅಡ್ಡಾದಿಡ್ಡಿಯಾದರೆ ನೋಡುವವನಿಗೆ ಕಾರಣ ತಿಳಿಯದಿದ್ದರೂ ಕಮಾನು ಸುಳ್ಳೆನಿಸುತ್ತದೆ.

ಹಳತಾಗಿಸುವ ಕಷ್ಟ

ಕಟ್ಟುವುದು ಸುಲಭ, ಹಳತಾಗಿಸುವುದು ಕಷ್ಟ. ಹೊಸ ಬಣ್ಣದ ಸುರಂಗ ಮದುವೆ ಮಂಟಪದಂತೆ ಕಾಣುತ್ತದೆ. ಇಲ್ಲಿ ನೆನಪಿಡಬೇಕಾದ ಸೂತ್ರ ಒಂದೇ: ಪ್ರತಿ ಕಲೆಗೂ ಒಂದು ಕಾರಣವಿದೆ, ಹೆಚ್ಚಿನ ಕಾರಣ ನೀರು.

ಮೊದಲು ಗೋಡೆಗೆ ಬೂದುಬಣ್ಣ. ಒಣಗಿದ ಮೇಲೆ ಅಲ್ಲೊಂದು ಇಲ್ಲೊಂದು ಕಲ್ಲಿಗೆ ತುಸು ಬೇರೆ ಛಾಯೆ. ಎಲ್ಲ ಕಲ್ಲೂ ಒಂದೇ ಬಣ್ಣದ್ದಾಗಿರುವುದಿಲ್ಲ. ಆಮೇಲೆ ತುಂಬ ನೀರಾದ ಕಪ್ಪು ಬಣ್ಣ ಹರಿಸಿ ಬಟ್ಟೆಯಿಂದ ಒರೆಸಿದರೆ ಸಂದುಗಳಲ್ಲಿ ಮಾತ್ರ ಕಪ್ಪು ಉಳಿಯುತ್ತದೆ. ನೀರು ಬಿಡುವ ತೂತುಗಳ ಕೆಳಗೆ ಬಿಳಿ ಗೆರೆ ಎಳೆಯಬೇಕು. ಅದು ಗಾರೆಯೊಳಗಿನ ಸುಣ್ಣ ನೀರಿನಲ್ಲಿ ಕರಗಿ ಇಳಿದು ಹೊರಗೆ ಗಟ್ಟಿಯಾದ ಗುರುತು. ಮೇಲಿನ ಗುಡ್ಡ ಕೆಮ್ಮಣ್ಣಿನದಾದರೆ ಗೋಡೆಯ ತಲೆಯಿಂದ ಕಂದುಗೆಂಪು ಇಳಿದಿರಬೇಕು. ಬಿಸಿಲು ಬೀಳದ ಮಗ್ಗುಲಿಗೂ ಬುಡಕ್ಕೂ ಹಾವಸೆಯ ಹಸಿರು. ಕಮಾನಿನ ನೆತ್ತಿಗೆ ಹೊಗೆಯ ಮಸಿ.

ಮಸಿಯಲ್ಲೂ ವಿವೇಕ ಬೇಕು. ಕ್ಯಾಸಲ್‌ರಾಕ್‌ನಿಂದ ಗೋವೆಗಿಳಿಯುವ ಘಾಟಿಯಲ್ಲಿ 1880ರ ದಶಕದಿಂದ ಉಗಿಬಂಡಿಗಳು ಓಡಿದವು. ಅಲ್ಲಿಗೆ ದಟ್ಟ ಮಸಿ ಒಪ್ಪುತ್ತದೆ. 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲ್ವೆಯ ಕಾಂಕ್ರೀಟ್ ಸುರಂಗಕ್ಕೆ ಅದೇ ಮಸಿ ಬಳಿದರೆ ಚರಿತ್ರೆಯೇ ತಪ್ಪಾಗುತ್ತದೆ. ತಿಂಗಳನ್ನೂ ಆರಿಸಿಕೊಳ್ಳಬೇಕು. ಆಟಿಯಲ್ಲಿ ಎಳೆ ಹಸಿರಾಗಿದ್ದ ಹಾವಸೆ ಸುಗ್ಗಿಯ ಬಿಸಿಲಿಗೆ ಕರಿದಾಗಿ ಸೀದುಹೋಗಿರುತ್ತದೆ.

ಇದನ್ನು ಕಲಿಯಲು ಘಾಟಿಗೇ ಹೋಗಬೇಕಿಲ್ಲ. ಹಳಿಯ ಮೇಲೆ ನಡೆದು ಸುರಂಗ ಹೊಗುವುದು ಪ್ರಾಣಾಪಾಯ. 1989ರ ರೈಲ್ವೆ ಕಾಯ್ದೆಯಂತೆ ಅಪರಾಧವೂ ಹೌದು. ವಾಮದಪದವಿಗೆ ರೈಲಿಲ್ಲ, ರೈಲು ಹತ್ತಲು ಬಂಟ್ವಾಳಕ್ಕೆ ಹೋಗಬೇಕು. ಆದರೆ ಊರ ಹೆಸರಿನಲ್ಲೇ ಪದವು ಇದೆ, ಮುರಕಲ್ಲಿನ ಬಯಲು. ವರ್ಷಕ್ಕೆ ನಾಲ್ಕು ಸಾವಿರ ಮಿ.ಮೀ. ಆಸುಪಾಸು ಮಳೆ ಸುರಿಯುವ ಜಿಲ್ಲೆಯಲ್ಲಿ ಮುರಕಲ್ಲಿನ ಯಾವ ಹಳೆಯ ಆವರಣಗೋಡೆಯೂ ಪಾಠಶಾಲೆಯೇ. ತಲೆ ಕಪ್ಪು, ಬುಡ ಹಸಿರು, ಗಾರೆ ಬಿಟ್ಟಲ್ಲಿ ಬಿಳಿ ಗೆರೆ, ಎಲ್ಲವೂ ಅಲ್ಲಿವೆ.

ಇಷ್ಟೆಲ್ಲ ಶ್ರಮ ಅಂಗೈಯಗಲದ ವಸ್ತುವಿಗೆ ಬೇಕೆ ಎಂದು ಕೇಳಬಹುದು. ಈ ಘಾಟಿಯಲ್ಲಿ ಮೀಟರ್‌ಗೇಜ್ ರೈಲು ಓಡಿದ್ದು ಇಪ್ಪತ್ತು ವರ್ಷವೂ ಅಲ್ಲ. ಹಳಿ ಬದಲಿಸಲೆಂದು 1990ರ ದಶಕದಲ್ಲಿ ನಿಂತ ಸಂಚಾರ ಪ್ರಯಾಣಿಕರಿಗೆ ಮರಳಿ ದೊರೆತದ್ದು 2007ರ ಡಿಸೆಂಬರಿನಲ್ಲಿ. ಆ ಪುಟ್ಟ ರೈಲು ಈಗ ಹಿರಿಯರ ನೆನಪಿನಲ್ಲೂ ಕೆಲವು ಛಾಯಾಚಿತ್ರಗಳಲ್ಲೂ ಮಾತ್ರ ಇದೆ. ಅದು ಮತ್ತೆ ಓಡಬಹುದಾದ ಜಾಗವಿದ್ದರೆ ಅದು ಮೇಜು ಮಾತ್ರ.

ಇನ್ನೊಂದು ಮಾತೂ ಇದೆ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ, ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿ ಹಲವು ದಿನ ರೈಲು ನಿಂತದ್ದು ಓದುಗರಿಗೆ ನೆನಪಿರಬಹುದು. ಮಳೆಗಾಲದಲ್ಲಿ ಹಗಲಿರುಳು ಘಾಟಿಯ ಹಳಿ ಕಾಯುವ ಸಿಬ್ಬಂದಿ ನೋಡುವುದೂ ಇದನ್ನೇ: ಎಲ್ಲಿ ನೀರು ಹೊಸದಾಗಿ ಜಿನುಗಿದೆ, ಯಾವ ತೂತು ಕಟ್ಟಿಕೊಂಡಿದೆ, ಯಾವ ಗೋಡೆಯಲ್ಲಿ ನಿನ್ನೆ ಇಲ್ಲದ ಬಿರುಕಿದೆ. ಮಾದರಿ ಕಟ್ಟುವವನು ಕುಂಚದಲ್ಲಿ ಎಳೆಯುವ ಗೆರೆಯನ್ನು ಅವರು ಟಾರ್ಚಿನ ಬೆಳಕಿನಲ್ಲಿ ಓದುತ್ತಾರೆ. ಅವರ ಓದು ತಪ್ಪದಿರುವುದರಿಂದಲೇ ಬೋಗಿಯೊಳಗಿನ ಮಕ್ಕಳು ನಿಶ್ಚಿಂತೆಯಿಂದ ಸುರಂಗ ಎಣಿಸುತ್ತಾರೆ.

ಮುಂದಿನ ಬಾರಿ ಘಾಟಿ ಏರುವಾಗ ಕತ್ತಲೆ ಕವಿಯುವ ಮುನ್ನ ಒಮ್ಮೆ ಕಿಟಕಿಯಿಂದ ಆ ಬಾಯಿಯನ್ನು ನೋಡಿ. ಲೆಕ್ಕ ತಪ್ಪಿದರೂ ಚಿಂತೆಯಿಲ್ಲ.