ಅಡುಗೆಮನೆಯ ಹೊಗೆಗೆ ಹೊರದಾರಿ ಮಾಡಿಕೊಡಿ



ಪಶುವೈದ್ಯರು ಒಲೆಯ ವಿಷಯ ಏಕೆ ಬರೆಯುತ್ತಿದ್ದಾರೆ ಎಂದು ನಿಮಗೆ ಅನಿಸಬಹುದು. ಕಳೆದ ಚಳಿಗಾಲದಲ್ಲಿ ಸದಸ್ಯರೊಬ್ಬರ ಮನೆಯಿಂದ ಕರುವಿಗೆ ಕೆಮ್ಮು ಎಂದು ಕರೆ ಬಂತು. ಹಳೆಯ ಹೆಂಚಿನ ಮನೆ. ದನ ಕಟ್ಟುವುದೂ ಅಡುಗೆ ಮಾಡುವುದೂ ಒಂದೇ ಸೂರಿನಡಿ, ನಡುವೆ ಎದೆಮಟ್ಟದ ಗೋಡೆ ಅಷ್ಟೆ. ಕರುವಿಗೆ ಜ್ವರವಿರಲಿಲ್ಲ, ಹಾಲು ಕುಡಿಯುವುದನ್ನೂ ಬಿಟ್ಟಿರಲಿಲ್ಲ. ಒಲೆಯ ಮೇಲೆ ದನಗಳಿಗೆ ಹುರುಳಿ ಬೇಯುತ್ತಿತ್ತು. ಐದು ನಿಮಿಷದಲ್ಲಿ ನನ್ನ ಕಣ್ಣಲ್ಲೂ ನೀರು ಬಂತು. ಕರುವನ್ನು ಹೊರಗೆ ಚಪ್ಪರದಡಿ ಕಟ್ಟಲು ಹೇಳಿದೆ. ವಾರದಲ್ಲಿ ಅದರ ಕೆಮ್ಮು ಇಳಿಯಿತು. ಆದರೆ ಒಲೆಯ ಮುಂದೆ ಕೂರುವ ಆ ಮನೆಯ ತಾಯಿ ಎಲ್ಲಿಗೆ ಹೋಗಬೇಕು? ಅವರಿಗೂ ಕೆಮ್ಮು, ವರ್ಷಗಳಿಂದ.

ಈಗ ಬಹುಪಾಲು ಮನೆಗಳಿಗೆ ಗ್ಯಾಸ್ ಬಂದಿದೆ. ಆದರೂ ಸ್ನಾನದ ನೀರು, ದನಗಳ ಹುರುಳಿ ಎಷ್ಟೋ ಕಡೆ ಇನ್ನೂ ಸೌದೆಯಲ್ಲೇ ಕಾಯುತ್ತವೆ. ಆದ್ದರಿಂದ ಈ ಮಾತು.

ಹೊಗೆ ಎಂದರೆ ನಷ್ಟ

ಹೊಗೆ ಎಂದರೆ ಪೂರ್ತಿ ಉರಿಯದೆ ಹೋದ ಸೌದೆ. ಮೂರು ಕಲ್ಲಿನ ಒಲೆಯಲ್ಲಿ ಗಾಳಿ ಸುತ್ತಲಿಂದಲೂ ನುಗ್ಗಿ ಉರಿಯನ್ನು ತಣ್ಣಗಾಗಿಸುತ್ತದೆ. ಬಿಸಿ ಪಾತ್ರೆಗೆ ತಾಗದೆ ಪಕ್ಕಕ್ಕೆ ಹೋಗುತ್ತದೆ. ಇಂಥ ಒಲೆಯಲ್ಲಿ ಸೌದೆಯ ಶಾಖದಲ್ಲಿ ಸಾಮಾನ್ಯವಾಗಿ ಶೇ. 10ರಿಂದ 15ರಷ್ಟು ಮಾತ್ರ ಪಾತ್ರೆಗೆ ಸೇರುತ್ತದೆ.

ಮುಚ್ಚಿದ ಒಲೆಯ ಗುಟ್ಟು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರ ನೇತೃತ್ವದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ವಿಭಾಗ ಆರಂಭವಾಯಿತು. 1980ರ ದಶಕದ ಮೊದಲಲ್ಲಿ ಅಲ್ಲಿ ರೂಪುಗೊಂಡದ್ದೇ ಮೂರು ಪಾತ್ರೆಗಳ ‘ಅಸ್ತ್ರ ಒಲೆ’. ಪ್ರಯೋಗಾಲಯದಲ್ಲಿ ಇದು ಶೇ. 40ಕ್ಕೂ ಹೆಚ್ಚು ಶಾಖವನ್ನು ಪಾತ್ರೆಗೆ ಮುಟ್ಟಿಸಿತು. ಮನೆಬಳಕೆಯಲ್ಲಿ ಅದಕ್ಕಿಂತ ಕಡಿಮೆ ಸಿಗುತ್ತದೆ. ಆದರೂ ಮೂರು ಕಲ್ಲಿನ ಒಲೆಗಿಂತ ಬಹಳ ಮೇಲು.

ಇದರಲ್ಲಿ ಸೌದೆ ಕಬ್ಬಿಣದ ಜಾಲರಿಯ ಮೇಲೆ, ಮುಚ್ಚಿದ ಗೂಡಿನೊಳಗೆ ಉರಿಯುತ್ತದೆ. ಗಾಳಿ ಬೇಕಾದಷ್ಟೇ ಜಾಲರಿಯ ಕೆಳಗಿನ ಕಿಂಡಿಯಿಂದ ಬರುತ್ತದೆ. ಬಿಸಿಗಾಳಿ ಮೊದಲ ಪಾತ್ರೆ ದಾಟಿ ಎರಡನೆಯದು, ಮೂರನೆಯದರ ಅಡಿ ಹರಿದು ಕೊನೆಗೆ ಕೊಳವೆಯಲ್ಲಿ ಮೇಲೇರುತ್ತದೆ. ಹೀಗೆ ಮೇಲೇರುವ ಬಿಸಿಗಾಳಿಯೇ ಹೊಸ ಗಾಳಿಯನ್ನು ಒಳಗೆ ಎಳೆಯುತ್ತದೆ. ಕೊಳವೆ ಎಳೆಯದಿದ್ದರೆ ಹೊಗೆಯೆಲ್ಲ ಮನೆಯೊಳಗೇ.

ಹೊಗೆಗೂಡಿಲ್ಲದ ಮನೆಯಲ್ಲಿ ಕಟ್ಟುವಾಗ

1. ಒಲೆ ಗೋಡೆಗೆ ಸೇರಿದಂತಿರಲಿ. ಸುಮಾರು 4 ಅಂಗುಲ ವ್ಯಾಸದ ಕೊಳವೆಯನ್ನು ನೆಟ್ಟಗೆ ಸೂರಿನಾಚೆಗೆ ಎರಡು-ಮೂರು ಅಡಿ ಏರಿಸಿ. ಮಳೆನೀರು ಇಳಿಯದಂತೆ ಮೇಲೆ ಟೋಪಿ ಇರಲಿ.
2. ಹುಲ್ಲು ಅಥವಾ ಗರಿಯ ಸೂರಾದರೆ ಕೊಳವೆ ಅದಕ್ಕೆ ತಾಗಲೇಬಾರದು. ಅಂಥಲ್ಲಿ ಗೋಡೆಯ ಮೂಲಕ ಹೊರಗೆ ತಂದು, ಸೂರಿನಿಂದ ದೂರದಲ್ಲಿ ಮೇಲೇರಿಸಿ.
3. ಹಿಂದೆ ಆಸ್ಬೆಸ್ಟಾಸ್ ಸಿಮೆಂಟಿನ ಕೊಳವೆ ಬಳಸುತ್ತಿದ್ದರು. ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ಹೊಸದಕ್ಕೆ ಅದು ಬೇಡ. ಹಳೆಯದಿದ್ದರೆ ಗರಗಸದಿಂದ ಕೊಯ್ಯಬೇಡಿ, ಒಡೆಯಬೇಡಿ.
4. ಪಾತ್ರೆಗಳು ಒಲೆಯ ಬಾಯಿಗೆ ಸರಿಯಾಗಿ ಕೂರಬೇಕು. ಮನೆಯ ಪಾತ್ರೆಗಳನ್ನೇ ಇಟ್ಟು ಅಳತೆ ತೆಗೆಯಿರಿ.
5. ಅಡುಗೆಮನೆಗೆ ಗಾಳಿ ಬರಲು ಕಿಟಕಿಯೋ ಕಿಂಡಿಯೋ ಇರಲೇಬೇಕು.

ಎಷ್ಟೋ ಒಲೆಗಳು ಏಕೆ ಮೂಲೆ ಸೇರಿದವು?

ಸುಧಾರಿತ ಒಲೆಗಳಿಗೆ ನೆರವು ಕೊಡುತ್ತಿದ್ದ ಕೇಂದ್ರ ಸರ್ಕಾರದ ಕಾರ್ಯಕ್ರಮ 2002ರಲ್ಲಿ ನಿಂತಿತು. ಆದರೆ ಅದಕ್ಕೂ ಮೊದಲೇ ಕೆಟ್ಟ ಒಲೆಗಳನ್ನು ನಾನು ಹಳ್ಳಿಗಳಲ್ಲಿ ಕಂಡಿದ್ದೇನೆ. ಕೆಲವನ್ನು ಅಳತೆ ತಪ್ಪಿ ಕಟ್ಟಿದ್ದರು. ಹೆಚ್ಚಿನವುಗಳಲ್ಲಿ ಕೊಳವೆ ಮಸಿ ಕಟ್ಟಿತ್ತು, ಅಷ್ಟೆ. ಬೂದಿಯನ್ನು ದಿನವೂ ತೆಗೆಯಿರಿ. ತಿಂಗಳಿಗೊಮ್ಮೆ, ಒಲೆ ಆರಿದ ಮೇಲೆ, ಉದ್ದ ಕೋಲಿಗೆ ಗೋಣಿಬಟ್ಟೆ ಸುತ್ತಿ ಕೊಳವೆಯ ಮಸಿ ತೆಗೆಯಿರಿ. ಸೌದೆ ಒಣಗಿರಲಿ, ಸೀಳಿರಲಿ. ಹಸಿ ಸೌದೆಗೆ ಯಾವ ಒಲೆಯೂ ಮದ್ದಲ್ಲ.

ಹಾಲಿಗೂ ಲಾಭ

ಹಾಲು ಸುತ್ತಲಿನ ವಾಸನೆಯನ್ನು ಬೇಗ ಹೀರುತ್ತದೆ. ಹೊಗೆ ತುಂಬಿದ ಕೋಣೆಯಲ್ಲಿಟ್ಟ ಹಾಲು ಹೊಗೆ ನಾತ ಹಿಡಿದು ಸಂಘದಲ್ಲಿ ಮಾತಿಗೆ ಗುರಿಯಾಗುತ್ತದೆ. ಇನ್ನೊಂದು ಉಪಯೋಗವೂ ಉಂಟು. ಮೂರನೆಯ ಪಾತ್ರೆಯನ್ನು ಖಾಲಿ ಬಿಡದೆ ನೀರು ತುಂಬಿಡಿ. ಪ್ರತ್ಯೇಕ ಸೌದೆಯಿಲ್ಲದೆ ಹಾಲಿನ ಪಾತ್ರೆ ತೊಳೆಯಲು ಬಿಸಿನೀರು ಸಿಗುತ್ತದೆ.

ನಾಲ್ಕೈದು ದನವಿದ್ದು ದಿನಕ್ಕೆ ಸುಮಾರು 50 ಕಿಲೋ ಸಗಣಿ ಸಿಗುವವರು 2 ಘನ ಮೀಟರಿನ ಗೋಬರ್ ಗ್ಯಾಸ್ ಘಟಕವನ್ನೇ ಯೋಚಿಸಬಹುದು. ಅಷ್ಟಿಲ್ಲದವರಿಗೆ ಮುಚ್ಚಿದ ಒಲೆಯೇ ಸರಿ.

ಕರು ಕೆಮ್ಮಿದರೆ ನಮಗೆ ಕರೆ ಬರುತ್ತದೆ. ಮನೆಯ ಹೆಣ್ಣುಮಕ್ಕಳ ಕೆಮ್ಮಿಗೂ ಅಷ್ಟೇ ಬೇಗ ಆಸ್ಪತ್ರೆಗೆ ತೋರಿಸಿ. ಜೊತೆಗೆ ಈ ದಿನವೇ ಒಮ್ಮೆ ಒಲೆಯ ಮುಂದೆ ಹತ್ತು ನಿಮಿಷ ಕುಳಿತು ನೋಡಿ. ಉಳಿದದ್ದನ್ನು ನಿಮ್ಮ ಕಣ್ಣೇ ಹೇಳುತ್ತದೆ.