ನಂಬದಿರುವುದಕ್ಕೂ ಕಾರಣ ಬೇಕು

ಗುಳೆ ಎಂದರೇನೆಂದು ಕುಷ್ಟಗಿ, ಯಲಬುರ್ಗಾ ಸೀಮೆಯವರಿಗೆ ಯಾರೂ ವಿವರಿಸಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ಹೋದವರು ಕಾಲ ತಿಳಿಯಾದ ಮೇಲೆ ಮರಳಿ ಬಂದು ಬೀಗ ತೆಗೆಯುತ್ತಾರೆ. ನಿರಾಶ್ರಿತನ ಪಾಡು ಬೇರೆ. ಬಿಟ್ಟು ಬಂದ ಮನೆಗೆ ಮರಳಿದರೆ ಅವನ ಪ್ರಾಣಕ್ಕೇ ಸಂಚಕಾರ. ಗಂಗಾವತಿಗೆ ನೆರೆಯಾದ ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಲ್ಲಿ, ಪೂರ್ವ ಬಂಗಾಳದಿಂದ ಬಂದ ಕುಟುಂಬಗಳು ಅರ್ಧ ಶತಮಾನದಿಂದ ಬಾಳುತ್ತಿರುವುದನ್ನು ನಾವು ಬಲ್ಲೆವು. ಗುಂಪಾಗಿ ಬಂದವರಿಗೆ ಗುಂಪಾಗಿಯೇ ನೆಲೆ ದೊರೆಯಿತು. ಆದರೆ ಒಬ್ಬಂಟಿಯಾಗಿ ಪರದೇಶದ ಬಾಗಿಲು ತಟ್ಟುವವನ ಬಳಿ ಇರುವ ಆಧಾರವಾದರೂ ಯಾವುದು? ಹಿಂಸಿಸಿದವರು ಅದಕ್ಕೆ ರಸೀದಿ ಕೊಟ್ಟಿರುವುದಿಲ್ಲ. ಅವನ ಬಾಯಿಮಾತೇ ಅವನ ಸಾಕ್ಷ್ಯ. ಅಧಿಕಾರಿಯು ಆ ಮಾತನ್ನು ನಂಬಿದರೆ ಆಶ್ರಯ, ನಂಬದಿದ್ದರೆ ಗಡೀಪಾರು.

ಹಾಗಾದರೆ ನಂಬದಿರುವ ಅಧಿಕಾರಕ್ಕೆ ಲಗಾಮು ಇಲ್ಲವೇ? ಕೆನಡಾ ದೇಶದ ನ್ಯಾಯಾಲಯಗಳು ಈ ಪ್ರಶ್ನೆಯನ್ನು ಬಹುಕಾಲದಿಂದ ಎದುರಿಸುತ್ತ ಬಂದಿವೆ. 1979ರಲ್ಲಿ ಅಲ್ಲಿಯ ಫೆಡರಲ್ ಮೇಲ್ಮನವಿ ನ್ಯಾಯಾಲಯವು ಮಾಲ್ಡೊನಾಡೊ ಪ್ರಕರಣದಲ್ಲಿ ಒಂದು ಸೂತ್ರವನ್ನು ಹಾಕಿಕೊಟ್ಟಿತು. ಅರ್ಜಿದಾರನು ಪ್ರಮಾಣ ಮಾಡಿ ಹೇಳಿದ ಸಂಗತಿಯನ್ನು, ಸಂಶಯಕ್ಕೆ ಕಾರಣವಿಲ್ಲದ ಪಕ್ಷದಲ್ಲಿ, ನಿಜವೆಂದೇ ಭಾವಿಸತಕ್ಕದ್ದು. ಆರು ವರ್ಷಗಳ ತರುವಾಯ, 1985ರ ಏಪ್ರಿಲ್ 4ರಂದು, ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಸಿಂಗ್ ಪ್ರಕರಣವೆಂದು ಹೆಸರಾದ ಆ ವ್ಯಾಜ್ಯದ ಅರ್ಜಿದಾರರಲ್ಲಿ ಹೆಚ್ಚಿನವರು ನಮ್ಮ ದೇಶದಿಂದ ಹೋದ ಸಿಖ್ಖರು. ಅವರ ಮುಖವನ್ನೂ ನೋಡದೆ, ಕೇವಲ ಕಾಗದಗಳನ್ನೋದಿ ಅರ್ಜಿಗಳನ್ನು ತಳ್ಳಿಹಾಕಲಾಗಿತ್ತು. ಮನುಷ್ಯನ ಮಾತು ನಂಬತಕ್ಕದ್ದೋ ಅಲ್ಲವೋ ಎಂಬುದೇ ಪ್ರಶ್ನೆಯಾದಾಗ ಅವನನ್ನು ಎದುರು ಕೂರಿಸಿಕೊಂಡು ಕೇಳಲೇಬೇಕೆಂದು ನ್ಯಾಯಮೂರ್ತಿ ಬರ್ಥಾ ವಿಲ್ಸನ್ ಬರೆದರು.

ಮೇಲಿನ ನ್ಯಾಯಾಲಯವು "ಇವನು ಸತ್ಯವಂತ" ಎಂದು ತಾನೇ ಘೋಷಿಸುವುದಿಲ್ಲ. ಮಾತನ್ನು ಕಿವಿಯಾರೆ ಕೇಳಿದವರು ಕೆಳಗಿನ ಮಂಡಳಿಯವರು ತಾನೆ! ನ್ಯಾಯಾಧೀಶರು ಕೇಳುವುದು ಬೇರೆ ಪ್ರಶ್ನೆ: ನಂಬಲಿಲ್ಲವೆಂದಾದರೆ ಕಾರಣವನ್ನು ಬಿಚ್ಚಿ ಹೇಳಿದ್ದೀರಾ? ನೀವು ಎತ್ತಿ ತೋರಿಸಿದ ವಿರೋಧಾಭಾಸ ಕಡತದಲ್ಲಿ ನಿಜವಾಗಿಯೂ ಇದೆಯೇ? ಅದಕ್ಕೆ ಅವನು ಕೊಟ್ಟ ಸಮಜಾಯಿಷಿಯನ್ನು ತೂಗಿ ನೋಡಿದಿರಾ? ಉತ್ತರ ತೃಪ್ತಿಕರವಲ್ಲವಾದರೆ ತೀರ್ಪು ರದ್ದಾಗಿ, ಸಾಮಾನ್ಯವಾಗಿ ಬೇರೊಬ್ಬ ಸದಸ್ಯರ ಮುಂದೆ ಹೊಸದಾಗಿ ವಿಚಾರಣೆ ನಡೆಯುತ್ತದೆ. ಆಗಲೂ ಅವನು ಗೆದ್ದೇ ಗೆಲ್ಲುವನೆಂಬ ಭರವಸೆಯಿಲ್ಲ.

ತಾರೀಖುಗಳ ವಿಷಯವನ್ನೇ ನೋಡಿ. ಮೊದಲ ಹೇಳಿಕೆಯಲ್ಲಿ ಒಂದು ತಿಂಗಳು, ಎರಡನೆಯದರಲ್ಲಿ ಇನ್ನೊಂದು. ಆದ್ದರಿಂದ ಇವನು ಸುಳ್ಳುಗಾರ ಎಂಬ ತರ್ಕ ಎಷ್ಟೋ ಅರ್ಜಿಗಳನ್ನು ಮುಳುಗಿಸಿದೆ. ನಮ್ಮ ಹಳ್ಳಿಯ ಅಜ್ಜಿಯೊಬ್ಬರನ್ನು ಕೇಳಿದರೆ, ಗವಿಮಠದ ಜಾತ್ರೆಯ ಮುಂಚೆಯೋ ಜೋಳದ ಸುಗ್ಗಿಯ ಹಿಂದೆಯೋ ಎಂದಾರು. ಇಥಿಯೋಪಿಯಾದ ಪಂಚಾಂಗವಂತೂ ನಮ್ಮ ಕ್ಯಾಲೆಂಡರಿಗಿಂತ ಏಳೆಂಟು ವರ್ಷ ಹಿಂದಿದೆ. ದುಭಾಷಿ ಎಡವಿದರೆ ಅರ್ಜಿದಾರನ ಇಡೀ ಜೀವನಚರಿತ್ರೆಯೇ ತಲೆಕೆಳಗಾಗುತ್ತದೆ.

ಕ್ರೈಸ್ತರಾದ ನಮಗೆ ಹೆಚ್ಚು ನಾಟುವ ಸಂಗತಿ ಮತ್ತೊಂದು. ಕ್ರಿಸ್ತವಿಶ್ವಾಸವನ್ನು ಅಪ್ಪಿದ ಕಾರಣಕ್ಕೆ ತಾಯ್ನಾಡಿನಲ್ಲಿ ಪ್ರಾಣಭಯವಿದೆ ಎನ್ನುವವರನ್ನು ಕೆಲವು ದೇಶಗಳ ಅಧಿಕಾರಿಗಳು ಧರ್ಮೋಪದೇಶದ ಪರೀಕ್ಷೆಗೆ ಕೂರಿಸುತ್ತ ಬಂದಿದ್ದಾರೆ. ದಶಾಜ್ಞೆಗಳನ್ನು ಕ್ರಮವಾಗಿ ಹೇಳು ಎನ್ನುತ್ತಾರೆ. ಪ್ರತಿ ಭಾನುವಾರ ಪೂಜೆಗೆ ಹೋಗುವ ನಮ್ಮಲ್ಲೇ ಎಷ್ಟು ಮಂದಿ ತಪ್ಪಿಲ್ಲದೆ ಹೇಳಬಲ್ಲೆವು! ಅದಕ್ಕೂ ಮಿಗಿಲಾಗಿ, ಕಥೋಲಿಕರ ಎಣಿಕೆಗೂ ಹೆಚ್ಚಿನ ಪ್ರೊಟೆಸ್ಟೆಂಟರ ಎಣಿಕೆಗೂ ವ್ಯತ್ಯಾಸವುಂಟು. ನಮ್ಮ ಆರನೆಯ ಆಜ್ಞೆ ಅವರಿಗೆ ಏಳನೆಯದು. ಅಧಿಕಾರಿಯ ಕೈಯಲ್ಲಿರುವ ಪಟ್ಟಿ ಯಾವುದೆಂಬುದರ ಮೇಲೆ ಒಂದು ಜೀವ ನಿಂತಿತೆಂದರೆ ಏನನ್ನೋಣ? ಧಾರ್ಮಿಕ ಜ್ಞಾನದ ಪರೀಕ್ಷೆ ಯಾವಾಗಲೂ ಅಗತ್ಯವೂ ಅಲ್ಲ, ಉಪಯುಕ್ತವೂ ಅಲ್ಲವೆಂದು ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿ 2004ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಬಾಲಯೇಸುವನ್ನು ಎತ್ತಿಕೊಂಡು ರಾತ್ರೋರಾತ್ರಿ ಈಜಿಪ್ಟಿಗೆ ಹೊರಟ ಸಂತ ಜೋಸೆಫರ ಬಳಿ ಇದ್ದ ಆಧಾರವೂ ಒಂದು ಕನಸು ಮಾತ್ರ. ಯಾವ ಕಚೇರಿಯಲ್ಲಿ ಅದು ನಡೆಯುತ್ತಿತ್ತೋ ತಿಳಿಯದು.

ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 2005ರಲ್ಲಿ ಮಿಬಾಂಗಾ ಪ್ರಕರಣದಲ್ಲಿ ಬೇರೊಂದು ದೋಷವನ್ನು ತಿದ್ದಿತು. ಮೊದಲು ಅರ್ಜಿದಾರನನ್ನು ಸುಳ್ಳುಗಾರನೆಂದು ತೀರ್ಮಾನಿಸಿ, ಆಮೇಲೆ ವೈದ್ಯರ ವರದಿಯನ್ನು ಕೈಗೆತ್ತಿಕೊಂಡು ತಳ್ಳಿಹಾಕುವುದು ಸಲ್ಲದು. ಎಲ್ಲವನ್ನೂ ಒಟ್ಟಿಗೇ ನೋಡಿ ತೀರ್ಮಾನಕ್ಕೆ ಬರಬೇಕು. ಅಮೆರಿಕದ ಸುಪ್ರೀಂ ಕೋರ್ಟಾದರೋ 2021ರಲ್ಲಿ ಎದುರು ದಿಕ್ಕಿಗೆ ವಾಲಿತು. ಕೆಳಗಿನವರು ಸುಳ್ಳೆಂದು ಸ್ಪಷ್ಟವಾಗಿ ಹೇಳದ ಮಾತ್ರಕ್ಕೆ ಮೇಲಿನ ನ್ಯಾಯಾಲಯ ಅದನ್ನು ನಿಜವೆಂದು ಹಿಡಿಯಬಾರದೆಂದಿತು. ನಮಗೆ ಕೆನಡಾದ ದಾರಿಯೇ ಹೆಚ್ಚು ಮನುಷ್ಯೋಚಿತವಾಗಿ ತೋರುತ್ತದೆ.

ಇನ್ನು ನಮ್ಮ ದೇಶ. 1951ರ ನಿರಾಶ್ರಿತರ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ; ನಿರಾಶ್ರಿತರಿಗೆಂದು ಪ್ರತ್ಯೇಕ ಕಾನೂನೂ ಇಲ್ಲ. ತಾನು ವಿದೇಶಿಯನಲ್ಲವೆಂದು ಸಾಧಿಸುವ ಹೊಣೆ 1946ರ ಕಾಯಿದೆಯಲ್ಲಿದ್ದಂತೆ 2025ರ ಹೊಸ ಕಾಯಿದೆಯಲ್ಲೂ ಆ ವ್ಯಕ್ತಿಯ ಮೇಲೆಯೇ ಇದೆ. ಆದರೂ ಸಂವಿಧಾನದ 21ನೆಯ ವಿಧಿಯ ಜೀವರಕ್ಷಣೆ ಪರದೇಶಿಯರಿಗೂ ಸಲ್ಲುತ್ತದೆಂದು ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ ಸಾರಿತು. 2021ರಲ್ಲಿ ರೋಹಿಂಗ್ಯರ ಗಡೀಪಾರನ್ನು ತಡೆಯಲು ಒಪ್ಪದೆ, ನಿಗದಿತ ಕ್ರಮವನ್ನು ಅನುಸರಿಸಿರೆಂದಷ್ಟೇ ಹೇಳಿತು. ಕೆಲವು ದೇಶಗಳಿಂದ ಬಂದವರ ಅರ್ಜಿಗಳನ್ನು ಹೈಕಮಿಷನರ್ ಕಚೇರಿಯೇ ವಿಚಾರಿಸುತ್ತದೆ. ನಂಬದೆ ತಿರಸ್ಕರಿಸಿದರೆ ಮೇಲ್ಮನವಿಯೂ ಅದೇ ಕಚೇರಿಯೊಳಗೇ. ಉಚ್ಚ ನ್ಯಾಯಾಲಯದ ಬಾಗಿಲನ್ನು ಯಾರು ಬೇಕಾದರೂ ತಟ್ಟಬಹುದು, ಸರಿ. ಆದರೆ ಆಶ್ರಯದ ಅರ್ಜಿಯನ್ನು ಕೇಳಿ ಕಾರಣಸಹಿತ ತೀರ್ಪು ಕೊಡಬೇಕಾದ ಮಂಡಳಿಯೇ ಇಲ್ಲದ ಮೇಲೆ ಅದು ಪರಿಶೀಲಿಸುವುದೇನನ್ನು? ಅಂಥದೊಂದು ವ್ಯವಸ್ಥೆ ಬೇಕೆನ್ನುವ ಖಾಸಗಿ ಮಸೂದೆಯು 2015ರಲ್ಲಿ ಲೋಕಸಭೆಯಲ್ಲಿ ಮಂಡನೆಯಾಯಿತು. ಅದು ಕಾಯಿದೆಯಾಗಲಿಲ್ಲ.