ಕಬ್ಬಿನ ತೋಟದ ಬುತ್ತಿ, ದುಬಾರಿ ತಟ್ಟೆಯ ಊಟ

ಹೊನೊಲುಲುವಿನ ಕಿಂಗ್ ಸ್ಟ್ರೀಟ್‌ನಲ್ಲಿ 1995ರಿಂದ 2020ರವರೆಗೆ ಷೆಫ್ ಅಲನ್ ವಾಂಗ್ ನಡೆಸಿದ ರೆಸ್ಟೊರೆಂಟಿನಲ್ಲಿ ಹೆಸರಾದ ತಿನಿಸೆಂದರೆ ಓನಾಗಾ. ಆಳ ಸಮುದ್ರದ ಈ ಕೆಂಪು ಮೀನಿಗೆ ಶುಂಠಿಯ ದಪ್ಪ ಹೊದಿಕೆ, ಜೊತೆಗೆ ಮಿಸೊ ಮತ್ತು ಎಳ್ಳು ಬೆರೆಸಿದ ಹುಳಿರಸ. ಬರಾಕ್ ಒಬಾಮಾ ತವರಿಗೆ ಹೋದಾಗ ಇಲ್ಲಿ ಊಟಕ್ಕೆ ಕೂರುತ್ತಿದ್ದರು. ಹವಾಯಿಯ ಮೇಲ್ದರ್ಜೆಯ ಊಟವೆಂದರೆ ಇಂದು ನಮ್ಮ ಕಣ್ಣಿಗೆ ಬರುವುದು ಇಂಥದ್ದೇ ತಟ್ಟೆ. ಆದರೆ ದ್ವೀಪದ ಜನರ ರುಚಿ ದೊಡ್ಡ ಹೋಟೆಲುಗಳ ಮೇಜು ಹತ್ತಿದ್ದು ತೀರಾ ಈಚೆಗೆ.

1959ರಲ್ಲಿ ಹವಾಯಿ ಅಮೆರಿಕದ 50ನೇ ರಾಜ್ಯವಾಯಿತು. ಅದೇ ವರ್ಷ ಜೆಟ್ ವಿಮಾನಗಳೂ ಬಂದಿಳಿದವು. ವೈಕಿಕಿ ದಂಡೆಯಲ್ಲಿ ಎದ್ದು ನಿಂತ ಹೋಟೆಲುಗಳು ಯುರೋಪಿನ ಅಡುಗೆಯನ್ನೇ ಗೌರವದ ಊಟವೆಂದು ಬಡಿಸಿದವು. ಕಿಟಕಿಯಾಚೆ ಪೆಸಿಫಿಕ್ ಸಾಗರ, ತಟ್ಟೆಯಲ್ಲಿ ಹೊರಗಿನಿಂದ ತರಿಸಿದ ಹೆಪ್ಪುಗಟ್ಟಿದ ಮೀನು! ಹೊರಗಿನವರು 'ದ್ವೀಪದ ಊಟ' ಎಂದು ನಂಬಿದ್ದೂ ದ್ವೀಪದ್ದಲ್ಲ. ಬಿದಿರಿನ ಅಲಂಕಾರ, ರಮ್ ಪಾನೀಯಗಳ ಆ ಲೋಕವನ್ನು ಕಟ್ಟಿದ್ದು ಕ್ಯಾಲಿಫೋರ್ನಿಯಾದ 'ಡಾನ್ ದ ಬೀಚ್‌ಕೋಂಬರ್', 'ಟ್ರೇಡರ್ ವಿಕ್ಸ್' ಎಂಬ ಮೂವತ್ತರ ದಶಕದ ರೆಸ್ಟೊರೆಂಟುಗಳು.

ನಿಜವಾದ ಅಡುಗೆ ಬೆಳೆದದ್ದು ಕಬ್ಬು, ಅನಾನಸ್ ತೋಟಗಳ ಕೂಲಿ ಲೈನುಗಳಲ್ಲಿ. 1852ರಲ್ಲಿ ಚೀನಾದಿಂದ, 1878ರಲ್ಲಿ ಪೋರ್ಚುಗೀಸ್ ದ್ವೀಪಗಳಿಂದ, 1885ರಿಂದ ದೊಡ್ಡ ಸಂಖ್ಯೆಯಲ್ಲಿ ಜಪಾನಿನಿಂದ, ಆಮೇಲೆ ಕೊರಿಯಾ, ಫಿಲಿಪ್ಪೀನ್ಸ್‌ಗಳಿಂದ ಜನ ದುಡಿಯಲು ಬಂದರು. ಅವರು ಹೊತ್ತೊಯ್ಯುತ್ತಿದ್ದ ಎರಡಂತಸ್ತಿನ ಬುತ್ತಿಗೆ 'ಕೌ ಕೌ ಟಿನ್' ಎಂದು ಹೆಸರು. ಕೆಳಗೆ ಅನ್ನ, ಮೇಲೆ ಮನೆಯಲ್ಲಿ ಇದ್ದದ್ದು. ಮಧ್ಯಾಹ್ನ ಅನ್ನ ತಮ್ಮತಮ್ಮದು, ಮೇಲಿನದನ್ನು ನಡುವೆ ಇಟ್ಟು ಹಂಚಿಕೊಳ್ಳುವುದು. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದ ಆ ಜನ ಪರಸ್ಪರರ ಉಪ್ಪಿನಕಾಯಿ, ಒಣಮೀನು, ಸಾಸೇಜುಗಳ ರುಚಿ ಕಲಿತದ್ದು ಹೀಗೆ. ಹವಾಯಿಯ ಅಡುಗೆಶಾಲೆ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಈ ಕಬ್ಬಿನ ಸಾಲುಗಳನ್ನೇ ತೋರಿಸುತ್ತೇನೆ.

ಬದಲಾವಣೆ ಕಣ್ಣಿಗೆ ಬಿದ್ದದ್ದು 1988ರಲ್ಲಿ. ಆ ಒಂದೇ ವರ್ಷ ಹೊನೊಲುಲುವಿನ ಅಂಚಿನ ಹವಾಯಿ ಕಾಯ್‌ನಲ್ಲಿ ರಾಯ್ ಯಾಮಾಗುಚಿ, ಬಿಗ್ ಐಲ್ಯಾಂಡಿನ ವೈಮೆಯಾದಲ್ಲಿ ಪೀಟರ್ ಮೆರಿಮನ್, ಮಾವಿ ದ್ವೀಪದಲ್ಲಿ ಬೆವರ್ಲಿ ಗ್ಯಾನನ್ ಬಾಗಿಲು ತೆರೆದರು. ಗ್ಯಾನನ್ ಆರಿಸಿಕೊಂಡದ್ದು ಅನಾನಸ್ ಹೊಲಗಳ ನಡುವಿನ ಹಳೆಯ ಪ್ಲಾಂಟೇಷನ್ ದಿನಸಿ ಅಂಗಡಿಯನ್ನು. 1991ರಲ್ಲಿ ಇವರೂ, ಅಲನ್ ವಾಂಗ್, ಸ್ಯಾಮ್ ಚಾಯ್, ಮಾರ್ಸೇಯ ಜಾರ್ಜ್ ಮಾವ್ರೋಥಲಾಸಿಟಿಸ್ ಮೊದಲಾದವರೂ ಸೇರಿ ಹನ್ನೆರಡು ಷೆಫ್‌ಗಳ ಬಳಗ ಕಟ್ಟಿ ಅದಕ್ಕೆ 'ಹವಾಯಿ ರೀಜನಲ್ ಕ್ವಿಸೀನ್' ಎಂದು ಹೆಸರಿಟ್ಟರು. ಒಬ್ಬೊಬ್ಬರ ಕೈರುಚಿ ಒಂದೊಂದು ಬಗೆ. ಒಪ್ಪಿದ್ದು ಒಂದೇ ಮಾತಿಗೆ: ಇಲ್ಲಿ ಬೆಳೆದದ್ದನ್ನು, ಇಲ್ಲಿ ಹಿಡಿದದ್ದನ್ನು ಕೊಳ್ಳಬೇಕು. ನನಗೆ ಅವರ ಪಾಕಪ್ರಯೋಗಗಳಿಗಿಂತ ಈ ಕೊಳ್ಳುವ ಕೆಲಸವೇ ದೊಡ್ಡದೆನಿಸುತ್ತದೆ. ಸಕ್ಕರೆ ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತಿದ್ದ ಕಾಲ ಅದು. ಕೊನೆಯದು, ಮಾವಿಯದು, 2016ರಲ್ಲಿ ನಿಂತಿತು. ಸೊಪ್ಪು, ಟೊಮ್ಯಾಟೊ ಬೆಳೆಯುವ ಸಣ್ಣ ರೈತನಿಗೆ, ಬೆಳೆಯುವ ಮೊದಲೇ 'ನಾನು ಕೊಳ್ಳುತ್ತೇನೆ' ಎನ್ನುವ ಗಿರಾಕಿ ಸಿಕ್ಕಿದ್ದು ಸಣ್ಣ ಮಾತಲ್ಲ.

ಮೀನಿನ ಕಥೆಯೂ ಹಾಗೆಯೇ. ಹೊನೊಲುಲುವಿನಲ್ಲಿ 1952ರಿಂದ ಮೀನಿನ ಹರಾಜು ನಡೆಯುತ್ತಿದೆ. ಬೆಳಕು ಹರಿಯುವ ಮೊದಲೇ ಶುರು. ದೊಡ್ಡ ಟ್ಯೂನಾದ ಬಾಲದ ಬಳಿ ಕೊಯ್ದು, ಮಾಂಸದ ಬಣ್ಣ, ಕೊಬ್ಬು ನೋಡಿ ಒಂದೊಂದು ಮೀನಿಗೂ ಬೇರೆ ಬೇರೆ ಬೆಲೆ ಕೂಗುತ್ತಾರೆ. ಮಾವಿಯ ಪಾಯಿಯಾದಲ್ಲಿ 1973ರಿಂದ ಇರುವ 'ಮಾಮಾಸ್ ಫಿಶ್ ಹೌಸ್' ಇನ್ನೂ ಒಂದು ಹೆಜ್ಜೆ ಮುಂದೆ: ಅಲ್ಲಿನ ಮೆನುವಿನಲ್ಲಿ ಮೀನು ಹಿಡಿದವರ ಹೆಸರನ್ನೇ ಅಚ್ಚು ಹಾಕುತ್ತಾರೆ.

ಆದರೂ ಈ ಸಂಭ್ರಮದಲ್ಲಿ ಬಹುಕಾಲ ಹಿಂದೆ ಉಳಿದದ್ದು ಮೂಲ ಹವಾಯಿಯನ್ನರ ಕಾಲೊ, ಅಂದರೆ ನಮ್ಮ ಕೆಸುವೇ. ನಮ್ಮ ಕರಾವಳಿ, ಮಲೆನಾಡುಗಳಲ್ಲಿ ಪತ್ರೊಡೆಯಾಗುವ ಎಲೆ ಅಲ್ಲಿ ಹಂದಿಮಾಂಸವನ್ನು ಸುತ್ತಿ ಹಬೆಯಲ್ಲಿ ಬೇಯಿಸುವ ಲಾವ್‌ಲಾವ್ ಆಗುತ್ತದೆ. ಗೆಡ್ಡೆ ಬೇಯಿಸಿ, ಕುಟ್ಟಿ, ನೀರು ಬೆರೆಸಿದರೆ ಪೊಯಿ. ದೋಣಿಗಳಲ್ಲಿ ಬಂದ ಪಾಲಿನೇಷಿಯನ್ನರು ತಂದ ಬೆಳೆಯಿದು. ಅವರ ಪುರಾಣದಲ್ಲಿ ಮಣ್ಣಿಗಿಟ್ಟ ಮೊದಲ ಕೂಸಿನಿಂದ ಕಾಲೊ ಹುಟ್ಟಿತು. ಮನುಷ್ಯ ಅದರ ತಮ್ಮ. ಈ ಅಣ್ಣನಿಗೆ ಬೇಕಾದದ್ದು ಸದಾ ಹರಿಯುವ ತಣ್ಣನೆಯ ನೀರು. ನೀರು ನಿಂತು ಬಿಸಿಯಾದರೆ ಗೆಡ್ಡೆ ಕೊಳೆಯುತ್ತದೆ. ಪೂರ್ವ ಮಾವಿಯ ತೊರೆಗಳನ್ನು 1870ರ ದಶಕದಿಂದ ಕಾಲುವೆ ತೋಡಿ ಕಬ್ಬಿಗೆ ತಿರುಗಿಸಿದಾಗ ಕೆಸುವಿನ ಗದ್ದೆಗಳು ಬತ್ತಿದವು. ಬುತ್ತಿ ಹಂಚಿಕೊಂಡ ಆ ತೋಟಗಳು ನಿಂತದ್ದು ಈ ನೀರಿನ ಮೇಲೆ. ಹವಾಯಿಯ ಊಟವನ್ನು ಕೊಂಡಾಡುವವರು ಇದನ್ನೂ ಹೇಳಲೇಬೇಕು.

ಕೆಸು ಬೆಳೆಯುವ ಕುಟುಂಬಗಳು 27 ತೊರೆಗಳ ನೀರಿಗಾಗಿ 2001ರಲ್ಲಿ ರಾಜ್ಯದ ಜಲ ಆಯೋಗಕ್ಕೆ ಅರ್ಜಿ ಹಾಕಿದವು. ಕೆಸುವಿಗೆಂದು ಹತ್ತು ತೊರೆಗಳನ್ನು ಪೂರ್ತಿಯಾಗಿ ಬಿಟ್ಟುಕೊಡಬೇಕೆಂಬ ಆದೇಶ ಬಂದದ್ದು 2018ರ ಜೂನ್‌ನಲ್ಲಿ, ಸಕ್ಕರೆ ಕಾರ್ಖಾನೆ ಮುಚ್ಚಿ ಒಂದೂವರೆ ವರ್ಷ ಕಳೆದ ಮೇಲೆ.